ಕಿಸೆಯ ಚಾಕುವಿಗೆ ಬೇಕಾಗುವ ಸಣ್ಣ ಸಲಕರಣೆಗಳು



ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆಯ ನಮ್ಮ ಮನೆಗಳಲ್ಲಿ ಮಡಚುವ ಚಾಕು ಇಲ್ಲದ ಮನೆ ಅಪರೂಪ. ಹಿರಣ್ಯಕೇಶಿ ದಂಡೆಯ ರೈತ ಹಗ್ಗ ಕೊಯ್ಯಲು, ಗೊಬ್ಬರದ ಚೀಲ ಬಿಚ್ಚಲು, ಕಬ್ಬಿನ ಗಣಿಕೆ ಸುಲಿಯಲು ಅದನ್ನೇ ತೆಗೆಯುತ್ತಾನೆ. ಆಜರಾ, ಚಂದಗಡದ ಕಡೆ ಗೇರು ಸಸಿಗೆ ಕಸಿ ಕಟ್ಟುವವರಿಗೂ ಅದು ಬೇಕು. ಇಚಲಕರಂಜಿಯಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ವಿದ್ಯುತ್ ಮಗ್ಗ ಹೂಡಿದಂದಿನಿಂದ ಬೆಳೆದ ಮಗ್ಗದ ಮನೆಗಳಲ್ಲಿ ನೂಲಿನ ಮೂಟೆ ಬಿಚ್ಚುವವರ ಕಿಸೆಯಲ್ಲೂ ಒಂದು ಇರುತ್ತದೆ.

ಚಾಕು ಕೊಳ್ಳುವಾಗ ನಾವೆಲ್ಲ ಹತ್ತು ಸಲ ತಿರುಗಿಸಿ ನೋಡುತ್ತೇವೆ. ಆದರೆ ಅದನ್ನು ಕಾಪಾಡುವ ಸಲಕರಣೆಗಳ ಬಗ್ಗೆ ಯೋಚಿಸುವವರು ಕಡಿಮೆ. ಈ ಸಲ ಆ ಸಣ್ಣ ಸಾಮಾನುಗಳನ್ನು ಆರಿಸುವುದು ಹೇಗೆಂದು ನೋಡೋಣ.

ಮೊಂಡು ಚಾಕುವೇ ಹೆಚ್ಚು ಅಪಾಯ

ಹರಿತವಾದ ಚಾಕು ಕೈ ಕೊಯ್ಯುತ್ತದೆ, ಮೊಂಡಾದದ್ದು ಸುರಕ್ಷಿತ ಎಂದು ಹಲವರು ತಿಳಿದಿದ್ದಾರೆ. ಇದು ತಪ್ಪು. ಮೊಂಡು ಚಾಕುವಿಗೆ ಹೆಚ್ಚು ಬಲ ಹಾಕಬೇಕು. ಬಲ ಹೆಚ್ಚಾದಾಗ ಅಲಗು ಜಾರುತ್ತದೆ, ಜಾರಿದ ಅಲಗು ಇನ್ನೊಂದು ಕೈಗೆ ಬರುತ್ತದೆ. ಮಡಚುವ ಚಾಕುವಿನಲ್ಲಿ ಇನ್ನೊಂದು ಅಪಾಯವೂ ಉಂಟು: ಕೀಲು ಸಡಿಲಾಗಿದ್ದರೆ ಅಲಗು ತಾನಾಗಿ ಮಡಚಿಕೊಂಡು ಬೆರಳಿನ ಮೇಲೆ ಬೀಳುತ್ತದೆ. ಫ್ರಾನ್ಸಿನ ಗುಡ್ಡಗಾಡಿನ ರೈತರಿಗಾಗಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಮರದ ಹಿಡಿಯ ಚಾಕು ಲೋಕಪ್ರಸಿದ್ಧವಾಯಿತು. ಅದಕ್ಕೂ 1955ರಲ್ಲಿ ಅಲಗು ಮಡಚಿಕೊಳ್ಳದಂತೆ ತಡೆಯುವ ತಿರುಗುಬಳೆ ಸೇರಿಸಬೇಕಾಯಿತು. ದಿನಗೂಲಿಯವನ ಬೆರಳಿಗೆ ಗಾಯವಾದರೆ ಒಂದು ವಾರದ ಕೂಲಿ ಹೋದಂತೆಯೇ. ಆದ್ದರಿಂದ ಹರಿತ ಮತ್ತು ಬಿಗಿ, ಎರಡನ್ನೂ ಕಾಯಬೇಕು.

1. ಸಾಣೆಕಲ್ಲು

ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದದ್ದು ಇದು. ಒಂದು ಬದಿ ಒರಟು, ಇನ್ನೊಂದು ಬದಿ ನಯವಾಗಿರುವ ಕಾರ್ಬೊರಂಡಮ್ ಕಲ್ಲು ಮನೆಗೆ ಸಾಕು. ಆರು ಅಂಗುಲ ಉದ್ದವಿದ್ದರೆ ಕೈಗೆ ಹಿಡಿತ ಸಿಗುತ್ತದೆ. ಕೊಳ್ಳುವಾಗ ಎರಡು ಪರೀಕ್ಷೆ ಮಾಡಿರಿ. ಕಲ್ಲನ್ನು ಬೆರಳಿನಿಂದ ಬಡಿದರೆ ಸ್ಪಷ್ಟವಾದ ನಾದ ಬರಬೇಕು. ಮಂಕಾದ ಸದ್ದು ಬಂದರೆ ಒಳಗೆ ಬಿರುಕಿರಬಹುದು. ಅದರ ಮೇಲೆ ಉಕ್ಕಿನ ಪಟ್ಟಿಯನ್ನು ನೇರ ನಿಲ್ಲಿಸಿದರೆ ನಡುವೆ ಬೆಳಕು ತೂರಬಾರದು. ಕುಳಿ ಬಿದ್ದ ಕಲ್ಲಿನ ಮೇಲೆ ಅಲಗು ಸಮವಾಗಿ ಕೂರುವುದಿಲ್ಲ.

ಕಲ್ಲನ್ನು ಒದ್ದೆ ಮಾಡಿ, ಒದ್ದೆ ಅರಿವೆಯ ಮೇಲಿಟ್ಟರೆ ಜಾರುವುದಿಲ್ಲ. ಎರಡು ಸೆಂಟಿಮೀಟರ್ ಅಗಲದ ಅಲಗಾದರೆ ಅದರ ಬೆನ್ನನ್ನು ಕಲ್ಲಿನಿಂದ ಸುಮಾರು 6 ಮಿಲಿಮೀಟರ್ ಎತ್ತಿ ಹಿಡಿಯಿರಿ. ಆಗ ಕೋನ ಸುಮಾರು 17 ಡಿಗ್ರಿ ಆಗುತ್ತದೆ. ಅದೇ ಕೋನದಲ್ಲಿ ಒಂದು ಬದಿ ತಿಕ್ಕಿ. ಎದುರು ಬದಿಯ ಅಂಚಿನಲ್ಲಿ ಕೂದಲೆಳೆಯಂಥ ಒರಟು ಪದರ ಮಗುಚಿಕೊಂಡದ್ದು ಬೆರಳಿಗೆ ತಿಳಿದ ಮೇಲೆ ಇನ್ನೊಂದು ಬದಿ ಹಿಡಿಯಿರಿ. ಕೊನೆಗೆ ನಯವಾದ ಬದಿಯಲ್ಲಿ ಹಗುರವಾಗಿ ತಿಕ್ಕಿ ಆ ಪದರ ತೆಗೆಯಿರಿ.

ಓಣಿಗೆ ಬರುವ ಸಾಣೆಯವರ ಕೈಗೆ ಕುಡಗೋಲು, ಕೊಡಲಿ ಕೊಡುವುದು ಸರಿ. ಸಣ್ಣ ಚಾಕುವಿನ ತೆಳು ಅಲಗು ಮಾತ್ರ ಒಣ ಚಕ್ರದ ಮೇಲೆ ಬೇಗ ಕಾಯುತ್ತದೆ. ಅಂಚು ನೀಲಿಗೆ ತಿರುಗಿತೆಂದರೆ ಉಕ್ಕಿನ ಹದ ಹೋಯಿತು. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲದು. ಕೊಟ್ಟರೂ ಆಗಾಗ ನೀರಲ್ಲಿ ಅದ್ದಲು ಹೇಳಿರಿ.

2. ತೊಗಲಿನ ಪಟ್ಟಿ

ಇದಕ್ಕೆ ನಮ್ಮ ಊರಿನವರು ದೂರ ಹೋಗಬೇಕಿಲ್ಲ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಲಾಪುರಿ ಚಪ್ಪಲಿಯ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದ ಮಾಡುತ್ತಾರೆ. ಗಟ್ಟಿಯಾದ, ಬಣ್ಣ ಬಳಿಯದ ಒಂದು ಗೇಣು ತುಂಡನ್ನು ಚಪ್ಪಲಿ ಮಾಡುವವರಲ್ಲಿ ಕೇಳಿ ಪಡೆದು ಹಲಗೆಗೆ ಅಂಟಿಸಿಕೊಳ್ಳಿರಿ. ಕಲ್ಲಾದ ಮೇಲೆ ಅಲಗನ್ನು ಇದರ ಮೇಲೆ ಬೆನ್ನು ಮುಂದಾಗಿ ಹತ್ತು ಸಲ ಎಳೆಯಿರಿ. ಅಂಚು ಮುಂದಾಗಿ ತಳ್ಳಿದರೆ ತೊಗಲು ಕೊಯ್ಯುತ್ತದೆ. ವಾರಕ್ಕೊಮ್ಮೆ ಹೀಗೆ ಎಳೆದರೆ ಕಲ್ಲಿನ ಕೆಲಸ ಕಡಿಮೆಯಾಗುತ್ತದೆ. ಹರಿತವನ್ನು ಕಾಗದದ ಮೇಲೆ ಪರೀಕ್ಷಿಸಿರಿ, ಹೆಬ್ಬೆರಳಿನ ಮೇಲೆ ಬೇಡ.

3. ಸಣ್ಣ ಸ್ಕ್ರೂಡ್ರೈವರ್

ಮೊದಲು ನಿಮ್ಮ ಚಾಕುವಿನ ಕೀಲು ನೋಡಿರಿ. ರಿವೆಟ್ ಇದ್ದರೆ ಸ್ಕ್ರೂಡ್ರೈವರಿನ ಕೆಲಸವಿಲ್ಲ. ಅದು ಸಡಿಲಾದರೆ ಕಂಬಾರರ ಕೈಗೆ ಕೊಡಿರಿ. ಮನೆಯಲ್ಲೇ ಬಡಿದರೆ ಹಿಡಿ ಸೀಳಬಹುದು. ಸ್ಕ್ರೂ ಇದ್ದರೆ ಗಡಿಯಾರ ರಿಪೇರಿಯವರು ಬಳಸುವಂಥ ಸಣ್ಣ ಸೆಟ್ ತಕ್ಕದ್ದು. ತುದಿ ಸ್ಕ್ರೂವಿನ ಗೀರನ್ನು ಪೂರ್ತಿ ತುಂಬಬೇಕು. ಸಣ್ಣದಾದರೆ ಜಾರಿ ಗೀರನ್ನೇ ಸವೆಸುತ್ತದೆ. ಈಚಿನ ಚಾಕುಗಳಲ್ಲಿ ನಕ್ಷತ್ರಾಕಾರದ ಸ್ಕ್ರೂ ಇರುತ್ತದೆ. ಅದಕ್ಕೆ ಹೆಚ್ಚಾಗಿ ಟಿ-6 ಅಥವಾ ಟಿ-8 ಅಳತೆ ಬೇಕಾಗುತ್ತದೆ. ಕೊಲ್ಲಾಪುರದ ಉದ್ಯಮನಗರದ ಕಡೆ ಹೋದಾಗ ಚಾಕುವನ್ನು ಜೊತೆಗೊಯ್ದು, ತುದಿ ಕೂರಿಸಿ ನೋಡಿಯೇ ಕೊಳ್ಳಿರಿ. ಬಿಗಿ ಮಾಡುವಾಗ ಕಾಲು ಸುತ್ತು ಮಾತ್ರ ತಿರುಗಿಸಿ: ಅಲಗು ಅಲ್ಲಾಡಬಾರದು, ತೆಗೆಯಲು ಕಷ್ಟವೂ ಆಗಬಾರದು.

4. ಎಣ್ಣೆ, ಬ್ರಷ್, ಅರಿವೆ

ಕಬ್ಬಿನ ರಸ ಕೀಲಿನಲ್ಲಿ ಒಣಗಿದರೆ ಅಂಟಾಗುತ್ತದೆ, ಅದಕ್ಕೆ ಮಣ್ಣು ಹಿಡಿಯುತ್ತದೆ. ಬಿಸಿನೀರು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ಹಿಡಿಯ ಸೀಳಿನೊಳಗೆ ಬಿದಿರು ಕಡ್ಡಿ ಆಡಿಸಿರಿ. ಪೂರ್ತಿ ಒಣಗಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ, ಸೂಜಿಯ ತುದಿಯಿಂದ ಕೀಲಿಗೆ ಬಿಡಿರಿ. ಕುಸುಬೆ ಎಣ್ಣೆ ಬೇಡ, ಅದು ಗಾಳಿಗೆ ಒಣಗಿ ಅಂಟಾಗುತ್ತದೆ. ಒರೆಸಲು ಹಳೆಯ ಹತ್ತಿ ಅರಿವೆ ಸಾಕು. ಹಣ್ಣು ಕೊಯ್ಯುವ ಮುನ್ನ ಅಲಗಿನ ಎಣ್ಣೆ ಒರೆಸಿ ತೊಳೆಯಲು ಮರೆಯಬೇಡಿರಿ. ಹುಣಸೆ, ಲಿಂಬೆ, ಮಾವಿನಕಾಯಿ ಕೊಯ್ದ ಮೇಲೆ ಕೂಡಲೇ ತೊಳೆಯದಿದ್ದರೆ ಕಬ್ಬಿಣದ ಅಲಗು ಕಪ್ಪಾಗುತ್ತದೆ.

ಬೆಳೆಯ ಆರೋಗ್ಯ

ಅಲಗು ರೋಗವನ್ನೂ ಹೊರುತ್ತದೆ. ಕೂಳೆ ಕಬ್ಬನ್ನು ಗಿಡ್ಡ ಮಾಡುವ ಬ್ಯಾಕ್ಟೀರಿಯಾ ರೋಗ ಬಿತ್ತನೆ ತುಂಡು ಕತ್ತರಿಸುವ ಕೊಯ್ತಾದಿಂದಲೇ ಗಿಡದಿಂದ ಗಿಡಕ್ಕೆ ಹರಡುತ್ತದೆ. ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುವಾಗ ಅಲಗಿನ ರಸ ತೊಳೆದು, ಸ್ಪಿರಿಟ್ ಹಚ್ಚಿ ಐದು ನಿಮಿಷ ಒದ್ದೆಯಾಗಿ ಬಿಡಿರಿ. ಬೆಂಕಿಗೆ ಹಿಡಿಯಬೇಡಿರಿ, ಹದ ಹೋಗುತ್ತದೆ. ತಂಬಾಕಿನ ಮೊಸಾಯಿಕ್ ನಂಜು ಮೆಣಸಿನ ಗಿಡಕ್ಕೂ ತಗಲುತ್ತದೆ. ತಂಬಾಕು ಮುಟ್ಟಿದ ಕೈ ಮತ್ತು ಚಾಕುವನ್ನು ಸಾಬೂನಿನಿಂದ ತೊಳೆದೇ ಮೆಣಸಿನ ಸಸಿ ಮುಟ್ಟಿರಿ.

ಕೈ ಕೊಯ್ದುಕೊಂಡರೆ

ಹರಿಯುವ ಶುದ್ಧ ನೀರು ಮತ್ತು ಸಾಬೂನಿನಿಂದ ತೊಳೆದು, ಸ್ವಚ್ಛ ಅರಿವೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುವೆ ತೆಗೆದು ತೆಗೆದು ನೋಡಬೇಡಿರಿ. ಸುಣ್ಣ, ತಂಬಾಕು, ಕಾಫಿ ಪುಡಿ, ಯಂತ್ರದ ಎಣ್ಣೆ ತುಂಬುವ ರೂಢಿ ಬಿಡಬೇಕು. ರಕ್ತ ನಿಲ್ಲದಿದ್ದರೆ, ಬೆರಳು ಮಡಚಲು ಬಾರದಿದ್ದರೆ, ತುದಿ ಜೋಮು ಹಿಡಿದರೆ ಸ್ನಾಯುವಿನ ನಾರು ಇಲ್ಲವೆ ನರ ಕತ್ತರಿಸಿರಬಹುದು. ಆ ದಿನವೇ ಆಸ್ಪತ್ರೆಗೆ ಹೋಗಿರಿ.

ಧನುರ್ವಾಯು ತುಕ್ಕಿನಿಂದ ಬರುತ್ತದೆಂಬ ಮಾತು ಅರ್ಧ ಸತ್ಯ. ಅದರ ರೋಗಾಣು ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ. ಹೊಳೆಯುವ ಹೊಸ ಚಾಕುವಿಗೆ ಮಣ್ಣು ಹತ್ತಿದ್ದರೂ ಅಪಾಯವೇ. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಮ್ಮ ದೇಶದಲ್ಲಿ ನಿರ್ಮೂಲವಾಯಿತೆಂದು 2015ರಲ್ಲಿ ಘೋಷಣೆಯಾಯಿತು. ಆದರೆ ಲಸಿಕೆ ಮರೆತ ದೊಡ್ಡವರಿಗೆ ಆ ರಕ್ಷಣೆಯಿಲ್ಲ. ಹಿಂದಿನ ಟಿ.ಟಿ. ಬದಲು ಈಗ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಟಿ.ಡಿ. ಲಸಿಕೆ ಕೊಡುತ್ತಾರೆ. ಹತ್ತು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕು. ಮಣ್ಣು ಸೇರಿದ ಗಾಯವಾಗಿ, ಹಿಂದಿನ ಲಸಿಕೆಗೆ ಐದು ವರ್ಷ ದಾಟಿದ್ದರೆ ವೈದ್ಯರನ್ನು ಕೂಡಲೇ ಕೇಳಿರಿ.

ಕೈಯಲ್ಲಿ ಹಣ ಕಡಿಮೆಯಿದ್ದರೆ ಮೊದಲು ಕಲ್ಲು, ಆಮೇಲೆ ಎಣ್ಣೆ, ನಂತರ ತೊಗಲು, ಕೊನೆಗೆ ಸ್ಕ್ರೂಡ್ರೈವರ್ ಕೊಳ್ಳಿರಿ. ಎಲ್ಲವನ್ನೂ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ, ಮಕ್ಕಳ ಕೈಗೆ ಸಿಗದಂತೆ ಅಟ್ಟದ ಮೇಲಿಡಿರಿ. ಭಾನುವಾರ ಮಧ್ಯಾಹ್ನ ಹದಿನೈದು ನಿಮಿಷ ಇದಕ್ಕೆ ಕೊಟ್ಟರೆ ವಾರವಿಡೀ ಕೆಲಸ ಹಗುರ, ಕೈಯೂ ಕ್ಷೇಮ.