ಮೂಟೆ ಕೆಡಿಸುವ ಒಂದು ಬೀಜ

ಅನಂತಪುರ ಸೀಮೆಯ ರಾಯದುರ್ಗ, ಮಡಕಶಿರಾದ ಕೆಂಪು ಹೊಲಗಳಲ್ಲಿ ಬೆಳೆಯೆಂದರೆ ಕಡಲೆಕಾಯಿ. ಅದರ ಒಂದು ಬೀಜ ಸುಮಾರು ಅರ್ಧ ಗ್ರಾಂ ತೂಗುತ್ತದೆ. ಆಸ್ಪರ್ಜಿಲಸ್ ಎಂಬ ಹಳದಿ-ಹಸಿರು ಬೂಷ್ಟು ಹೊಕ್ಕರೆ ಅದರೊಳಗೆ ಅಫ್ಲಾಟಾಕ್ಸಿನ್ ಎಂಬ ವಿಷ ಕೂಡುತ್ತದೆ. ಪೂರ್ತಿ ಕೆಟ್ಟ ಬಿಡಿ ಬೀಜಗಳಲ್ಲಿ ಕಿಲೋಗೆ 10 ಲಕ್ಷ ಮೈಕ್ರೋಗ್ರಾಂ ಮೀರಿದ್ದನ್ನು 1960ರ ದಶಕದಲ್ಲೇ ಅಳೆದಿದ್ದಾರೆ. ಆ ಲೆಕ್ಕದಲ್ಲಿ ಅರ್ಧ ಗ್ರಾಂ ಬೀಜದೊಳಗೆ 500 ಮೈಕ್ರೋಗ್ರಾಂ ವಿಷ.

ಸಂಸ್ಕರಣೆಗೆ ಹೋಗುವ ಕಡಲೆಬೀಜಕ್ಕೆ ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ ಕೋಡೆಕ್ಸ್ ಇಟ್ಟಿರುವ ಮಿತಿ ಕಿಲೋಗೆ 15 ಮೈಕ್ರೋಗ್ರಾಂ. ಭಾಗಿಸಿ ನೋಡಿ: 33 ಕಿಲೋ ಬೀಜವನ್ನು ಮಿತಿಯ ಅಂಚಿಗೆ ತರಲು ಆ ಒಂದೇ ಬೀಜ ಸಾಕು. 66 ಸಾವಿರದಲ್ಲಿ ಒಂದು! ನೇರವಾಗಿ ತಿನ್ನುವ ಕಡಲೆಬೀಜಕ್ಕೆ ಐರೋಪ್ಯ ಒಕ್ಕೂಟದ ಮಿತಿ 4. ಅಲ್ಲಿ 125 ಕಿಲೋ ಹೋಯಿತು.

ಇನ್ನು ಪರೀಕ್ಷೆಯ ಪಾಡು. ಆ 33 ಕಿಲೋದಿಂದ ಒಂದು ಕಿಲೋ ತೆಗೆದು ಪ್ರಯೋಗಾಲಯಕ್ಕೆ ಕೊಟ್ಟರೆ, 33ರಲ್ಲಿ 32 ಸಲ ವರದಿ 'ಶುದ್ಧ' ಎನ್ನುತ್ತದೆ. ಉಳಿದ ಒಂದು ಸಲ 500 ಎಂದು ಕೂಗುತ್ತದೆ. ಮೂಟೆ ಅದೇ, ಯಂತ್ರವೂ ಸುಳ್ಳು ಹೇಳಿಲ್ಲ. ಹೀಗಾಗಿ ಪ್ರಮಾಣಪತ್ರಕ್ಕಿಂತ ಮಾದರಿ ತೆಗೆದ ಬಗೆಯನ್ನೇ ಮೊದಲು ಕೇಳಬೇಕು ಎಂಬುದು ನನ್ನ ಪಟ್ಟು.

ಈ ವಿಷ ಪತ್ತೆಯಾದದ್ದು 1960ರಲ್ಲಿ, ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಇದೇ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ಕಾಯಿಲೆ ಬಿದ್ದ 397 ಜನರಲ್ಲಿ 106 ಮಂದಿ ತೀರಿಕೊಂಡರು.

ಅನಂತಪುರದ ಸೀಮೆಗೆ ಈ ಲೆಕ್ಕ ತಟ್ಟುವುದು ಮಳೆಯ ಮೂಲಕ. ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು, ಅದೂ ನೆಚ್ಚುವಂತಿಲ್ಲ. ತೇವವಿದ್ದಾಗ ಬೀಜ ತಾನೇ ಬೂಷ್ಟನ್ನು ತಡೆಯುವ ರಸಾಯನ ತಯಾರಿಸಿಕೊಳ್ಳುತ್ತದೆ. ಕೊಯ್ಲಿಗೆ ಮುಂಚಿನ ಮೂರು-ನಾಲ್ಕು ವಾರ ಮಳೆ ಕೈಕೊಟ್ಟು ಮಣ್ಣು 30 ಡಿಗ್ರಿ ಹತ್ತಿರ ಕಾದರೆ ಆ ಕಸುವು ಹೋಗಿ, ಕಾಯಿ ನೆಲದೊಳಗಿದ್ದಾಗಲೇ ಬೂಷ್ಟು ಒಳಹೊಗುತ್ತದೆ. ಪಟಾಂಚೆರುವಿನ ಇಕ್ರಿಸ್ಯಾಟ್ ವಿಜ್ಞಾನಿಗಳು ಈ ಜಿಲ್ಲೆಯ ಹೊಲಗಳಿಂದ ಕಾಯಿ ಒಯ್ದು ಪರೀಕ್ಷಿಸಿದ್ದು ಇದಕ್ಕೇ. ಕಿತ್ತ ಮೇಲೆ ಚೆನ್ನಾಗಿ ಒಣಗಿಸುವುದು, ಸುಕ್ಕುಗಟ್ಟಿದ, ಬಣ್ಣಗೆಟ್ಟ ಬೀಜ ಆರಿಸಿ ಎಸೆಯುವುದು: ಹೆಂಗಸರು ಮೊರದಲ್ಲಿ ಮಾಡುವ ಈ ಕೆಲಸಕ್ಕೆ ಸರಿಗಟ್ಟುವ ಉಪಾಯ ಕಡಿಮೆ. ಹುರಿದರೆ ವಿಷ ಪೂರ್ತಿ ಸಾಯುವುದಿಲ್ಲ.

ಗಾಣಕ್ಕೆ ಹಾಕಿದರೆ ವಿಷದ ಬಹುಪಾಲು ಹಿಂಡಿಯಲ್ಲಿ ಉಳಿಯುತ್ತದೆ, ಸ್ವಲ್ಪ ಎಣ್ಣೆಗೂ ಇಳಿಯುತ್ತದೆ. ಗಾಣದೆಣ್ಣೆ ಹೊಗಳುವವರು ಗಾಣಕ್ಕೆ ಬಿದ್ದ ಬೀಜದ ಬಣ್ಣ ಕೇಳುವುದು ಅಪರೂಪ. ಹಿಂಡಿ ಹಸುವಿಗೆ. ತಿಂದ ವಿಷದಲ್ಲಿ ನೂರಕ್ಕೆ 1ರಿಂದ 3 ಪಾಲು ರೂಪ ಬದಲಿಸಿ ಹಾಲಿಗೆ ಬರುತ್ತದೆ. ಹಾಲಿಗೆ ನಮ್ಮ ದೇಶದ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ. ಆ ಒಂದು ಬೀಜದ ವಿಷ ಇಡಿಯಾಗಿ ಹಿಂಡಿಯಲ್ಲೇ ಉಳಿಯಿತೆನ್ನಿ: 10ರಿಂದ 30 ಲೀಟರ್ ಹಾಲು ಮಿತಿಯ ಅಂಚಿಗೆ ಬಂತು.