ಅಂಗಡಿಯವರ ಕ್ರಿಸ್‌ಮಸ್

ಬೆಳಗ್ಗೆ ಅಂಗಡಿ ಇನ್ನೂ ತೆರೆದಿಲ್ಲ. ಬುಡಾಪೆಸ್ಟಿನ ಬೀದಿಯೊಂದರಲ್ಲಿ ಕೆಲಸದವರೆಲ್ಲ ಮುಚ್ಚಿದ ಬಾಗಿಲೆದುರು ನಿಂತು ಯಜಮಾನರ ಹಾದಿ ಕಾಯುತ್ತಿದ್ದಾರೆ. ಹಿಂದಿನ ರಾತ್ರಿ ಯಜಮಾನರ ಮನೆಯ ಔತಣದಲ್ಲಿ ಹೆಬ್ಬಾತಿನ ಲಿವರ್ ತಿಂದು ಹೊಟ್ಟೆ ಕೆಡಿಸಿಕೊಂಡಿರುವ ಹಿರಿಯ ಗುಮಾಸ್ತ ಕ್ರಾಲಿಕ್, ಸೋಡಾಪುಡಿ ತರಲು ಹುಡುಗನನ್ನು ಅಟ್ಟುತ್ತಾನೆ. ‘ದ ಶಾಪ್ ಅರೌಂಡ್ ದ ಕಾರ್ನರ್’ (1940) ಶುರುವಾಗುವುದೇ ಅಜೀರ್ಣದಿಂದ.

ಕ್ರಿಸ್‌ಮಸ್ ಚಿತ್ರಗಳ ಮಾತಿನಲ್ಲಿ ಜೇಮ್ಸ್ ಸ್ಟುವರ್ಟ್ ಹೆಸರು ಬಂದರೆ ಎಲ್ಲರ ಬಾಯಲ್ಲೂ 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’. ಅದರಲ್ಲಿ ನಾಯಕನನ್ನು ಉಳಿಸಲು ದೇವದೂತನೇ ಬರುತ್ತಾನೆ. ಆರು ವರ್ಷ ಹಿಂದಿನ ಈ ಚಿತ್ರದಲ್ಲಿ ಅದೇ ಸ್ಟುವರ್ಟ್‌ಗೆ ಅಂಥ ಅನುಕೂಲವಿಲ್ಲ. ಇಲ್ಲಿನದು ಕೌಂಟರಿನ ಒಳಗೆ ನಿಂತವರ ಹಬ್ಬ. ಸರಕು ಖಾಲಿಯಾಗಬೇಕು, ಬೋನಸ್ ಬರಬೇಕು, ಎಲ್ಲಕ್ಕಿಂತ ಮೊದಲು ಕೆಲಸ ಉಳಿಯಬೇಕು. ನನಗೆ ಇದೇ ಒಂದು ತೂಕ ಹೆಚ್ಚು.

ಕಥೆ ಸರಳ. ಚರ್ಮದ ಸಾಮಾನಿನ ಅಂಗಡಿಯಲ್ಲಿ ಕ್ರಾಲಿಕ್‌ಗೂ (ಸ್ಟುವರ್ಟ್) ಹೊಸದಾಗಿ ಸೇರಿದ ಕ್ಲಾರಾಳಿಗೂ (ಮಾರ್ಗರೆಟ್ ಸುಲವನ್) ಎಣ್ಣೆ ಸೀಗೆಕಾಯಿ. ಇಬ್ಬರೂ ಗುಟ್ಟಾಗಿ ಹೆಸರೇ ಗೊತ್ತಿಲ್ಲದ ಒಬ್ಬರಿಗೆ ಪತ್ರ ಬರೆಯುತ್ತಿದ್ದಾರೆ. ಆ ಒಬ್ಬರು ಯಾರೆಂದು ನಮಗೆ ಬೇಗ ಗೊತ್ತಾಗುತ್ತದೆ, ಅವನಿಗೆ ನಡುವೆ, ಅವಳಿಗೆ ಕೊನೆಗೆ. ಮೂಲ ಮಿಕ್ಲೋಶ್ ಲಾಸ್ಲೋ ಬರೆದ ಹಂಗೇರಿಯನ್ ನಾಟಕ.

ನಿರ್ದೇಶಕ ಅರ್ನ್ಸ್ಟ್ ಲೂಬಿಚ್ ಬರ್ಲಿನ್ನಿನ ದರ್ಜಿಯೊಬ್ಬರ ಮಗ. ಹಗಲು ಅಪ್ಪನ ಅಂಗಡಿಯಲ್ಲಿ ಲೆಕ್ಕ ಬರೆದು ರಾತ್ರಿ ನಾಟಕಕ್ಕೆ ಓಡುತ್ತಿದ್ದವನು. ಯಜಮಾನನ ದನಿ ಏರಿದಾಗ ಗುಮಾಸ್ತರ ಹೆಜ್ಜೆ ಎತ್ತ ತಿರುಗುತ್ತದೆ ಎಂಬುದು ಆತನಿಗೆ ಅಲ್ಲಿಂದಲೇ ಗೊತ್ತಿರಬೇಕು. ‘ನಿನ್ನ ಪ್ರಾಮಾಣಿಕ ಅಭಿಪ್ರಾಯ ಬೇಕು’ ಎಂದು ಚಿತ್ರದ ಯಜಮಾನರು ಬಾಯಿಬಿಟ್ಟರೆ ಸಾಕು, ಸಂಸಾರಸ್ಥ ಗುಮಾಸ್ತ ಪಿರೋವಿಚ್ ಮೆಟ್ಟಿಲು ಹತ್ತಿ ಮಾಯ! ಮದುವೆಯಾದರೆ ಮೂರು ಕೋಣೆಯ ಮನೆ ಸಾಕೇ ಎಂದು ಕ್ರಾಲಿಕ್ ಕೇಳಿದಾಗ, ಊಟಕ್ಕೆ ಅಡುಗೆಮನೆ ಇರುವಾಗ ಮೂರು ಕೋಣೆ ಯಾತಕ್ಕೆ ಎಂಬ ಧಾಟಿಯಲ್ಲಿ ಬುದ್ಧಿ ಹೇಳುವವನೂ ಅವನೇ. ನಗು ಬರುತ್ತದೆ, ಆದರೆ ಆ ಲೆಕ್ಕದಲ್ಲಿ ಸುಳ್ಳಿಲ್ಲ. ಸುಲವನ್ ತೊಟ್ಟ ಉಡುಪನ್ನು 1.98 ಡಾಲರಿಗೆ ಕೊಂಡರಂತೆ. ಮಾರಾಟದ ಹುಡುಗಿಗೆ ಅದೂ ಹೆಚ್ಚಾಯಿತೆಂದು ಬಿಸಿಲಿಗೆ ಹಾಕಿ ಬಣ್ಣ ಮಾಸಿಸಿದರಂತೆ.

ಛಾಯಾಗ್ರಾಹಕ ವಿಲಿಯಂ ಡೇನಿಯಲ್ಸ್, ಗ್ರೇಟಾ ಗಾರ್ಬೊಳ ಮುಖಕ್ಕೆ ಬೆಳಕು ಹೊಂದಿಸಿ ಹೆಸರಾದವರು. ಇಲ್ಲಿ ಅವರಿಗೆ ಸಿಕ್ಕಿದ್ದು ಅಂಚೆ ಕಚೇರಿಯ ಗೋಡೆ. ಕ್ಯಾಮೆರಾ ಪೆಟ್ಟಿಗೆಗಳ ಹಿಂಬದಿಯಲ್ಲಿದೆ. 237ನೇ ಗೂಡಿನೊಳಗೆ ಕೈಗವಸು ತೊಟ್ಟ ಕೈಯೊಂದು ಬಂದು ತಡಕುತ್ತದೆ. ಪತ್ರವಿಲ್ಲ. ಕೈ ಹಿಂದೆ ಸರಿದು, ಆ ಪುಟ್ಟ ಚೌಕದಲ್ಲಿ ಕ್ಲಾರಾಳ ಮುಖ ಇಣುಕುತ್ತದೆ. ಸುತ್ತ ಕಪ್ಪು, ನಡುವೆ ಅಂಗೈಯಗಲ ಬೆಳಕು, ಅದರಲ್ಲಿ ಎರಡು ಕಣ್ಣು. ಬಣ್ಣವಿದ್ದಿದ್ದರೆ ನಮ್ಮ ಗಮನ ಕೈಗವಸಿಗೋ ಟೋಪಿಗೋ ಹೋಗುತ್ತಿತ್ತೇನೋ.

ಚಿತ್ರ ತೆರೆಗೆ ಬಂದಾಗ ಯುರೋಪಿನಲ್ಲಿ ಯುದ್ಧ ಶುರುವಾಗಿ ನಾಲ್ಕು ತಿಂಗಳು. ಯಹೂದಿಯಾದ ಲೂಬಿಚ್‌ನ ಜರ್ಮನ್ ಪೌರತ್ವವನ್ನು ನಾಜಿಗಳು 1935ರಲ್ಲೇ ಕಿತ್ತುಕೊಂಡಿದ್ದರು. ಪಿರೋವಿಚ್ ಪಾತ್ರದ ಫೆಲಿಕ್ಸ್ ಬ್ರೆಸ್ಸಾರ್ಟ್ ಕೂಡ ಜರ್ಮನಿ ತೊರೆದು ಬಂದವರು. ಪರದೆಯ ಮೇಲೆ ಯುದ್ಧದ ಸುಳಿವೇ ಇಲ್ಲ. ಹಾಲಿವುಡ್ಡಿನ ಸ್ಟುಡಿಯೊದಲ್ಲಿ, ಹಂಗೇರಿಯನ್ ಬೋರ್ಡುಗಳ ಕೆಳಗೆ ಎಲ್ಲರೂ ಇಂಗ್ಲಿಷಿನಲ್ಲಿ ಜಗಳವಾಡುವ ಈ ಬುಡಾಪೆಸ್ಟ್, ಮರಳಿ ಹೋಗಲಾಗದವರು ಕಟ್ಟಿಕೊಂಡ ಊರು. ಅದು ತಿಳಿದ ಮೇಲೆ ಕೃತಕ ಹಿಮವೂ ಬೇರೆಯಾಗಿ ಕಾಣುತ್ತದೆ.

1998ರಲ್ಲಿ ಇದೇ ಕಥೆ ‘ಯು ಹ್ಯಾವ್ ಗಾಟ್ ಮೇಲ್’ ಆಯಿತು; ಪತ್ರದ ಜಾಗದಲ್ಲಿ ಇಮೇಲ್. ಚೆನ್ನಾಗಿಯೇ ಇದೆ. ಆದರೆ ಅಲ್ಲಿ ನಾಯಕ ದೊಡ್ಡ ಪುಸ್ತಕ ಮಳಿಗೆಗಳ ಒಡೆತನದ ಮನೆಯವನು, ನಾಯಕಿಯ ಪುಟ್ಟ ಅಂಗಡಿ ಅವನಿಂದಲೇ ಮುಚ್ಚುತ್ತದೆ. ಇಲ್ಲಿ ಇಬ್ಬರೂ ಸಂಬಳಕ್ಕೆ ದುಡಿಯುವವರು. ಕಾಫಿ ಹೌಸಿನಲ್ಲಿ ‘ಆನಾ ಕರೆನಿನಾ’ ಹಿಡಿದು ಕಾಯುವ ಕ್ಲಾರಾ, ಎದುರಿಗೆ ಬಂದು ಕೂತವನನ್ನು ಯಃಕಶ್ಚಿತ್ ಗುಮಾಸ್ತ ಎಂದು ಹಳಿದಾಗ ಅವನು ಮುಖ ಸಪ್ಪೆ ಮಾಡಿಕೊಂಡು ಎದ್ದು ಹೋಗುತ್ತಾನೆ. ಅವಳೂ ಅದೇ ಅಂಗಡಿಯ ಗುಮಾಸ್ತೆ ಎಂದು ತಿರುಗಿಸಿ ಹೇಳುವುದಿಲ್ಲ.

ಇಷ್ಟಾದರೂ ನನಗೆ ಮತ್ತೆ ಮತ್ತೆ ನೆನಪಾಗುವುದು ಪ್ರೇಮಿಗಳಲ್ಲ, ಯಜಮಾನ ಮಾತುಶೆಕ್. ಹಿಂದಿನ ವರ್ಷವಷ್ಟೇ ‘ದ ವಿಝರ್ಡ್ ಆಫ್ ಆಝ್’ನಲ್ಲಿ ಮಾಂತ್ರಿಕನಾಗಿದ್ದ ಫ್ರಾಂಕ್ ಮಾರ್ಗನ್ ಈ ಪಾತ್ರ ಮಾಡಿದ್ದಾರೆ. ಹೆಂಡತಿಯ ಗೆಳೆಯ ಕ್ರಾಲಿಕ್ ಎಂದು ಶಂಕಿಸಿ ಅವನನ್ನು ಕೆಲಸದಿಂದ ತೆಗೆದವರು, ತಪ್ಪಿತಸ್ಥ ಇನ್ನೊಬ್ಬ ನೌಕರನೆಂದು ತಿಳಿದ ಗಳಿಗೆಯಲ್ಲಿ ಪಿಸ್ತೂಲು ಕೈಗೆತ್ತಿಕೊಳ್ಳುತ್ತಾರೆ. ಸಾಮಾನು ಮುಟ್ಟಿಸುವ ಹುಡುಗ ಪೆಪಿ ಸರಿಯಾದ ಹೊತ್ತಿಗೆ ಒಳಬಂದು ಜೀವ ಉಳಿಸುತ್ತಾನೆ. (ಆ ಉಪಕಾರಕ್ಕೆ ಗುಮಾಸ್ತನ ಹುದ್ದೆಯನ್ನೂ ವಸೂಲು ಮಾಡುತ್ತಾನೆ!)

ಕ್ರಿಸ್‌ಮಸ್ ಹಿಂದಿನ ರಾತ್ರಿ ವ್ಯಾಪಾರ ಜೋರಾಗಿದೆ, ಬೋನಸ್ ಹಂಚಿಯಾಗಿದೆ. ಮನೆಯಲ್ಲಿ ಯಾರೂ ಇಲ್ಲದ ಯಜಮಾನರು ಹಿಮದಲ್ಲಿ ನಿಂತು, ಒಬ್ಬೊಬ್ಬರೇ ಹೊರಬರುತ್ತಿದ್ದಂತೆ ಮೆಲ್ಲಗೆ ವಿಚಾರಿಸುತ್ತಾರೆ. ಎಲ್ಲರಿಗೂ ಹೋಗಲು ಒಂದು ಜಾಗವಿದೆ. ಕೊನೆಗೆ ಉಳಿದವನು ಪೆಪಿಯ ಜಾಗಕ್ಕೆ ಹೊಸದಾಗಿ ಸೇರಿದ ರೂಡಿ. ಈ ಊರಿನಲ್ಲಿ ಅವನಿಗೆ ತನ್ನವರೆನ್ನುವವರಿಲ್ಲ. ಯಜಮಾನರ ದನಿ ತಟ್ಟನೆ ಏರುತ್ತದೆ. ಸೇಬು ತುಂಬಿ ಹುರಿದ ಹೆಬ್ಬಾತು, ಸೌತೆಕಾಯಿ ಸಲಾಡ್ ಎಂದು ಒಂದೊಂದೇ ಪದಾರ್ಥದ ಹೆಸರು ಹೇಳುತ್ತ ಹೋಗುತ್ತಾರೆ. ಹುಡುಗನ ಕಣ್ಣು ಅಗಲವಾಗುತ್ತ ಹೋಗುತ್ತದೆ. ಆಮೇಲೆ ಮಾತುಶೆಕ್ ಟ್ಯಾಕ್ಸಿ ಕೂಗುತ್ತಾರೆ.