ಹಳದಿ ಚಿನ್ನ, ಗುಲಾಬಿ ಚಿನ್ನ

ಜಪಾನಿನ ಹಳೆಯ ಇಮಾರಿ ತಟ್ಟೆಯ ಮೇಲೆ ಬೆರಳಾಡಿಸಿದರೆ ಬಣ್ಣಗಳ ಏರುತಗ್ಗು ತಿಳಿಯುತ್ತದೆ. ಸೇವಂತಿಗೆಯ ಕೆಂಪು ದಳ ಬೆರಳಿಗೆ ಸಿಗುವುದೇ ಇಲ್ಲ. ಪಕ್ಕದ ಹಸಿರೆಲೆ ಗಾಜಿನ ಹನಿಯಂತೆ ಉಬ್ಬಿರುತ್ತದೆ. ನೀಲಿಯಂತೂ ನುಣುಪಾದ ಮೆರುಗಿನ ಅಡಿಯಲ್ಲೇ ಹುದುಗಿರುತ್ತದೆ. ಒಂದೊಂದು ಬಣ್ಣವೂ ಬೆಂಕಿಯಲ್ಲಿ ಒಂದೊಂದು ಬಗೆಯಾಗಿ ನಡೆದುಕೊಂಡದ್ದರ ಗುರುತು ಇದು.

ಈ ತಟ್ಟೆಗಳ ತವರು ಕ್ಯೂಶೂ ದ್ವೀಪದ ಅರಿತಾ. ಕೊರಿಯಾದಿಂದ ಬಂದ ಕುಂಬಾರರು 17ನೇ ಶತಮಾನದ ಆರಂಭದಲ್ಲಿ ಅಲ್ಲಿನ ಇಝುಮಿಯಾಮಾ ಗುಡ್ಡದ ಬಿಳಿಗಲ್ಲಿನಿಂದ ಪಿಂಗಾಣಿ ಮಾಡತೊಡಗಿದರು. ಮೆರುಗಿನ ಮೇಲೆ ಬಣ್ಣದ ಹೂ ಬಿಡಿಸುವ ವಿದ್ಯೆ 1640ರ ದಶಕದಲ್ಲಿ ಕೈಗೂಡಿತು. ಮುಂದೆ ಡಚ್ ವ್ಯಾಪಾರಿಗಳು ಈ ಪಿಂಗಾಣಿಯನ್ನು ಯುರೋಪಿಗೆ ಒಯ್ದರು. ಇಮಾರಿ ಬಂದರಿನಿಂದ ಹೊರಟ ಸರಕಾದ್ದರಿಂದ ಅದೇ ಹೆಸರು ನಿಂತಿತು.

ಪಾತ್ರೆಯನ್ನು ಮೊದಲು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ಅದರ ಮೇಲೆ ಕೋಬಾಲ್ಟ್ ಬಣ್ಣದಲ್ಲಿ ಚಿತ್ರ ಬರೆದು, ಮೆರುಗಿನ ದ್ರವದಲ್ಲಿ ಅದ್ದಿ, ಸುಮಾರು 1,300 ಡಿಗ್ರಿಯಲ್ಲಿ ಮತ್ತೆ ಬೇಯಿಸುತ್ತಾರೆ. ಅಷ್ಟು ಕಾವನ್ನು ಕೋಬಾಲ್ಟ್ ತಾಳಿಕೊಳ್ಳುತ್ತದೆ. ಹೂವಿನ ಉಳಿದ ಬಣ್ಣಗಳು ತಾಳವು. ಹಾಗಾಗಿ ಅವಕ್ಕೆ ಬೇಗ ಕರಗುವ, ಸೀಸ ಬೆರೆತ ಗಾಜಿನ ಪುಡಿಯನ್ನು ಕೂಡಿಸಿ, ಸುಮಾರು 800 ಡಿಗ್ರಿಯ ಇನ್ನೊಂದು ಸುಡುವಿಕೆ ನಡೆಯುತ್ತದೆ. ತಾಮ್ರ ಗಾಜಿನಲ್ಲಿ ಪೂರ್ತಿ ಕರಗಿ ತಿಳಿಹಸಿರಾಗುತ್ತದೆ. ದಪ್ಪವಾಗಿ ಹಚ್ಚಿದಷ್ಟೂ ಅದರ ಹಸಿರು ಗಾಢ. ಕೆಂಪು ಕೊಡುವ ಕಬ್ಬಿಣದ ಆಕ್ಸೈಡ್ ಕರಗುವುದಿಲ್ಲ, ಸಣ್ಣ ಕಣಗಳಾಗಿಯೇ ಉಳಿಯುತ್ತದೆ. ಕಣ ನುಣ್ಣಗಾದಷ್ಟೂ ಕೆಂಪು ಉಜ್ವಲ, ದಪ್ಪಗಾದರೆ ನೇರಳೆಯತ್ತ ವಾಲುತ್ತದೆ. ಬಣ್ಣ ಅರೆಯುವವನ ತಾಳ್ಮೆಯೇ ಇಲ್ಲಿ ದಳದ ಹೊಳಪಾಗುತ್ತದೆ ಎನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ.

ಚಿನ್ನಕ್ಕೆ ಸರದಿ ಬರುವುದು ಕೊನೆಗೆ, ಇನ್ನೂ ಕಡಿಮೆ ಕಾವಿನಲ್ಲಿ. ಚಿನ್ನ ಕರಗುವುದು 1,064 ಡಿಗ್ರಿಯಲ್ಲಿ. ಹಾಗಾಗಿ ಇಲ್ಲಿ ಅದು ಕರಗುವುದೇ ಇಲ್ಲ. ಕೆಳಗಿನ ಗಾಜು ತುಸು ಮೆತ್ತಗಾಗಿ ಚಿನ್ನದ ಪುಡಿಯನ್ನು ಹಿಡಿದುಕೊಳ್ಳುತ್ತದೆ, ಅಷ್ಟೆ. ಕಾವು ಹೆಚ್ಚಾದರೆ ಚಿನ್ನ ಮುದುಡಿ ಹೊಳಪು ಕಳೆದುಕೊಳ್ಳುತ್ತದೆ. ಪುಡಿಚಿನ್ನ ಒಲೆಯಿಂದ ಹೊರಬಂದಾಗ ಮಂಕಾಗಿರುತ್ತದೆ. ಅಗೇಟ್‌ನಂಥ ನುಣುಪುಕಲ್ಲಿನಿಂದ ಉಜ್ಜಿದ ಮೇಲೆಯೇ ಅದಕ್ಕೆ ಕಳೆ. 19ನೇ ಶತಮಾನದಲ್ಲಿ ಜರ್ಮನಿಯ ಮೈಸೆನ್‌ನಲ್ಲಿ ರೂಪುಗೊಂಡ ದ್ರವಚಿನ್ನಕ್ಕೆ ಈ ಉಜ್ಜಾಟ ಬೇಕಿಲ್ಲ. ಅಂಟುರಾಳದೊಂದಿಗೆ ಕೂಡಿದ ಈ ಕಂದು ದ್ರವವನ್ನು ಹಚ್ಚಿ ಸುಟ್ಟರೆ ರಾಳ ಉರಿದುಹೋಗಿ, ಮಿಲಿಮೀಟರಿನ 10,000ದಲ್ಲಿ ಒಂದು ಭಾಗದಷ್ಟು ತೆಳುವಾದ ಹೊಳೆಯುವ ಪೊರೆ ಉಳಿಯುತ್ತದೆ. ಪೊರೆ ಒಡೆದು ಹನಿಗಟ್ಟದಂತೆ ತಡೆಯಲು ಚೂರು ರೋಡಿಯಂ ಸೇರಿಸುತ್ತಾರೆ.

ಆದರೆ ಚಿನ್ನ ಹೊಳೆಯುವ ಅಂಚಿನಲ್ಲಷ್ಟೇ ಇಲ್ಲ. ಜಪಾನಿನದೇ ಇನ್ನೊಂದು ಪಿಂಗಾಣಿಯಾದ ಕುತಾನಿಯ, ಮೆಯ್ಜಿ ಚಕ್ರವರ್ತಿಯ ಕಾಲದ ಪಾತ್ರೆಗಳ ನಸುಗೆಂಪು ಹೂಗಳಲ್ಲೂ ಅದು ಇರಬಹುದು. ಯುರೋಪಿನಿಂದ ಬಂದ ಬಣ್ಣಗಳನ್ನು ಅಲ್ಲಿನ ಕುಶಲಕರ್ಮಿಗಳು 19ನೇ ಶತಮಾನದಲ್ಲಿ ಧಾರಾಳವಾಗಿ ಬಳಸಿದರು. ಅವುಗಳಲ್ಲಿ ಚಿನ್ನದಿಂದ ಮಾಡಿದ ಗುಲಾಬಿ ಬಣ್ಣವೂ ಒಂದು. ಆಮ್ಲದಲ್ಲಿ ಕರಗಿಸಿದ ಚಿನ್ನಕ್ಕೆ ತವರದ ಲವಣ ಬೆರೆಸಿದರೆ ನ್ಯಾನೋಮೀಟರ್ ಅಳತೆಯ ಚಿನ್ನದ ಕಣಗಳು ಹುಟ್ಟುತ್ತವೆ. ಬೆಳಕು ಬಿದ್ದಾಗ ಆ ಕಣಗಳ ಎಲೆಕ್ಟ್ರಾನುಗಳು ಒಟ್ಟಾಗಿ ತುಯ್ದಾಡಿ ಹಸಿರನ್ನು ಹೀರಿಕೊಳ್ಳುತ್ತವೆ. ನಮ್ಮ ಕಣ್ಣಿಗೆ ಉಳಿಯುವುದು ನಸುಗೆಂಪು.

ಒಂದೇ ಲೋಹದ ಈ ಎರಡು ರೂಪಗಳ ಆಯುಸ್ಸು ಮಾತ್ರ ಬೇರೆ. ಗುಲಾಬಿ ಚಿನ್ನ ಗಾಜಿನೊಳಗೆ ಭದ್ರವಾಗಿದೆ. ಹಳದಿ ಚಿನ್ನ ಎಲ್ಲಕ್ಕಿಂತ ಮೇಲೆ ಕೂತ ಮೃದು ಪೊರೆ. ತಿಕ್ಕಿದರೆ ಸವೆಯುತ್ತದೆ, ಮೈಕ್ರೋವೇವ್ ಒಲೆಯಲ್ಲಿಟ್ಟರೆ ಅದರಲ್ಲಿ ವಿದ್ಯುತ್ ಹರಿದು ಕಿಡಿ ಹಾರುತ್ತದೆ. ಚಿನ್ನದಂಚಿನ ಪಿಂಗಾಣಿ ಮನೆಯಲ್ಲಿದ್ದರೆ ಮೆತ್ತನೆಯ ಬಟ್ಟೆಯಲ್ಲಿ, ಕೈಯಿಂದಲೇ ತೊಳೆಯಿರಿ.